ತಡೆದು ಆಡುವ ಮಾತು: ದ್ವಿಭಾಷಿಕ ಮಿದುಳು ನುಡಿ ಬದಲಿಸುವ ಬಗೆ

1. ಸ್ವಿಚ್ಚಿನ ಕಲ್ಪನೆ

ಎರಡು ಭಾಷೆ ಬಲ್ಲವರು ಮಾತಿನ ನಡುವೆ ಒಂದರಿಂದ ಇನ್ನೊಂದಕ್ಕೆ ಹೊರಳುವುದಕ್ಕೆ ನುಡಿ ಬದಲಿಕೆ ಎಂದು ಹೆಸರು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ದಿನಕ್ಕೆ ಎಷ್ಟೋ ಸಲ ಹೀಗೆ ಹೊರಳುತ್ತಾರೆ. ಹೊರಳಿದ್ದು ಅವರ ಗಮನಕ್ಕೂ ಬರುವುದಿಲ್ಲ. ಆದರೆ ಮಾತಿನ ವೇಗವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದು ಸಣ್ಣ ಕೆಲಸವಲ್ಲ. ಸಾಮಾನ್ಯ ಸಂಭಾಷಣೆಯಲ್ಲಿ ಸೆಕೆಂಡಿಗೆ ಎರಡೋ ಮೂರೋ ಪದ ಬಾಯಿಂದ ಹೊರಡುತ್ತವೆ. ಒಂದೊಂದು ವಸ್ತುವಿಗೂ ಎರಡೆರಡು ಹೆಸರು ಸಿದ್ಧವಾಗಿರುವ ತಲೆಯಲ್ಲಿ ಸಂದರ್ಭಕ್ಕೆ ಸಲ್ಲದ ಹೆಸರು ಹೊರಬೀಳದಂತೆ ಕಾಯುವುದು ಹೇಗೆ ಎಂಬ ಪ್ರಶ್ನೆಗೆ ವೈದ್ಯರೂ ಮನೋವಿಜ್ಞಾನಿಗಳೂ ಒಂದೂಕಾಲು ಶತಮಾನದಿಂದ ಉತ್ತರ ಹುಡುಕುತ್ತಿದ್ದಾರೆ.

ಹುಡುಕಾಟ ಶುರುವಾದದ್ದು ರೋಗಿಗಳಿಂದ. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಮಾತು ಕಳೆದುಕೊಂಡ ಬಹುಭಾಷಿಕರಲ್ಲಿ ಎಲ್ಲ ಭಾಷೆಗಳೂ ಒಟ್ಟಿಗೆ ಮರಳುವುದಿಲ್ಲ ಎಂಬುದು 19ನೆಯ ಶತಮಾನದ ವೈದ್ಯರಿಗೆ ತಿಳಿದಿತ್ತು. ಮೊದಲು ಕಲಿತದ್ದೇ ಮೊದಲು ಮರಳುತ್ತದೆ ಎಂಬ ನಿಲುವು ಫ್ರಾನ್ಸಿನ ತೇಯೊಡ್ಯೂಲ್ ರಿಬೊ ಅವರ ಹೆಸರಿನಲ್ಲಿ ಪ್ರಚಾರದಲ್ಲಿತ್ತು. ಅಲ್ಲಿನವರೇ ಆದ ಆಲ್ಬರ್ಟ್ ಪಿತ್ರ್ 1895ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಮಾತು ಹೇಳಿದರು: ಕಾಯಿಲೆಗೆ ಮುಂಚೆ ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುತ್ತದೆ, ಮರಳದೆ ಉಳಿದದ್ದು ಅಳಿದುಹೋಗಿಲ್ಲ, ಜಡವಾಗಿ ಕುಳಿತಿದೆ. ಭಾಷೆಗೊಂದು ಕೋಣೆಯಂತೆ ಮಿದುಳಿನಲ್ಲಿ ಪ್ರತ್ಯೇಕ ಕೇಂದ್ರಗಳಿಲ್ಲ ಎಂದೂ ಅವರು ವಾದಿಸಿದರು.

ಮುಂದಿನ ತಲೆಮಾರು ಈ ಎಚ್ಚರಿಕೆಯನ್ನು ಬಿಟ್ಟು ಒಂದು ಗೊತ್ತಾದ ಜಾಗವನ್ನು ಹುಡುಕಿತು. ಆಸ್ಟ್ರಿಯದ ನರವೈದ್ಯ ಒಟ್ಟೊ ಪೋಟ್ಜಲ್ 1925ರಲ್ಲಿ ಎಡ ಕಿವಿಯ ಮೇಲ್ಭಾಗಕ್ಕೆ ಬರುವ ಸುಪ್ರಾಮಾರ್ಜಿನಲ್ ಮಡಿಕೆಯೇ ಭಾಷೆ ಬದಲಿಸುವ ಸ್ಥಾನವಿರಬೇಕೆಂದು ಸೂಚಿಸಿದರು. ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಲಾಮಾರ್ ರಾಬರ್ಟ್ಸ್ ಜೊತೆ 1959ರಲ್ಲಿ ಹೊರತಂದ ಪುಸ್ತಕದಲ್ಲಿ, ದ್ವಿಭಾಷಿಕರಲ್ಲಿ ತಾನಾಗಿ ಕೆಲಸ ಮಾಡುವ ಸ್ವಿಚ್ಚಿನಂಥದೊಂದು ಇರುತ್ತದೆ ಎಂದು ಬರೆದರು. ದೀಪದ ಸ್ವಿಚ್ಚಿನ ಹೋಲಿಕೆ ಎಲ್ಲರಿಗೂ ಹಿಡಿಸಿತು. ಒಂದನ್ನು ಹಾಕಿದರೆ ಇನ್ನೊಂದು ಆರುತ್ತದೆ ಎಂಬುದು ಅದರ ಒಳಗಿನ ಊಹೆ. ಈ ಊಹೆಯೇ ತಪ್ಪೆಂದು ಆಮೇಲಿನ ಪ್ರಯೋಗಗಳು ತೋರಿಸಿದವು.

2. ಆರದ ದೀಪ

ಕನ್ನಡದ ಕಿವಿಗೆ ‘ಬೆಲ್’ ಎಂಬ ಇಂಗ್ಲಿಷ್ ಪದ ಬಿದ್ದಾಗ ಮೊದಲ ಕ್ಷಣದಲ್ಲಿ ‘ಬೆಲ್ಲ’ವೂ ತಲೆಯೆತ್ತಲು ಅವಕಾಶವಿದೆ, ಎರಡರ ಮೊದಲ ಧ್ವನಿಗಳು ಒಂದೇ. ಕೇಳುಗ ಇಂಗ್ಲಿಷ್ ಮಾತ್ರ ಕೇಳುತ್ತಿದ್ದಾಗಲೂ ಹೀಗಾಗುತ್ತದೆಯೇ ಎಂಬುದನ್ನು ಮೈಕೆಲ್ ಸ್ಪೈವಿ ಮತ್ತು ವಿಯೊರಿಕಾ ಮಾರಿಯನ್ 1999ರಲ್ಲಿ ರಷ್ಯನ್–ಇಂಗ್ಲಿಷ್ ದ್ವಿಭಾಷಿಕರ ಮೇಲೆ ಪರೀಕ್ಷಿಸಿದರು. ಮೇಜಿನ ಮೇಲೆ ಕೆಲವು ವಸ್ತುಗಳನ್ನಿಟ್ಟು, ಅಂಚೆಚೀಟಿಯನ್ನು ಸರಿಸುವಂತೆ ರಷ್ಯನ್ ಭಾಷೆಯಲ್ಲಿ ಹೇಳಲಾಯಿತು. ಅಂಚೆಚೀಟಿಗೆ ರಷ್ಯನ್ನಿನಲ್ಲಿ ‘ಮಾರ್ಕಾ’. ಕಣ್ಣಿನ ಚಲನೆಯನ್ನು ದಾಖಲಿಸುವ ಉಪಕರಣ ತೋರಿಸಿದ್ದು, ಕೈ ಅಂಚೆಚೀಟಿಗೆ ಹೋಗುವ ಮುನ್ನ ನೋಟ ಆಗಾಗ ಪಕ್ಕದಲ್ಲಿದ್ದ ಮಾರ್ಕರ್ ಪೆನ್ನಿನ ಕಡೆ ಹರಿದದ್ದನ್ನು. ‘ಮಾರ್ಕರ್’ ಎಂಬ ಇಂಗ್ಲಿಷ್ ಹೆಸರನ್ನು ಅಲ್ಲಿ ಯಾರೂ ಉಚ್ಚರಿಸಿರಲಿಲ್ಲ.

ಧ್ವನಿಯ ಹೋಲಿಕೆಯೇ ಇಲ್ಲದಾಗಲೂ ಹೀಗೆಯೇ. ಗಿಯೋಮ್ ತಿಯರಿ ಮತ್ತು ಯಾನ್ ಜಿಂಗ್ ವೂ 2007ರಲ್ಲಿ ಚೀನೀ ಮಾತೃಭಾಷೆಯವರಿಗೆ ಇಂಗ್ಲಿಷ್ ಪದಗಳ ಜೋಡಿಗಳನ್ನು ತೋರಿಸಿ, ಅರ್ಥದಲ್ಲಿ ಸಂಬಂಧವಿದೆಯೇ ಎಂದು ಕೇಳಿದರು. ಕೆಲವು ಜೋಡಿಗಳನ್ನು ಚೀನೀ ಭಾಷೆಗೆ ತಿರುಗಿಸಿದರೆ ಎರಡರಲ್ಲೂ ಒಂದೇ ಅಕ್ಷರ ಬರುತ್ತಿತ್ತು. ಈ ಗುಟ್ಟು ಭಾಗವಹಿಸಿದವರಿಗೆ ಗೊತ್ತಿರಲಿಲ್ಲ. ಅವರ ಉತ್ತರಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನೆತ್ತಿಯ ಮೇಲಿಟ್ಟ ವಿದ್ಯುದ್ವಾರಗಳು ದಾಖಲಿಸಿದ ಮಿದುಳಿನ ಅಲೆಗಳಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿತ್ತು. ಇಂಗ್ಲಿಷ್ ಓದುತ್ತಿದ್ದ ಮಿದುಳು ಒಳಗೊಳಗೇ ಚೀನೀ ಪದಗಳನ್ನೂ ಮುಟ್ಟುತ್ತಿತ್ತು.

ಒಟ್ಟಿನಲ್ಲಿ ದ್ವಿಭಾಷಿಕರ ತಲೆಯಲ್ಲಿ ಎರಡೂ ಭಾಷೆಗಳು ಎಚ್ಚರವಾಗಿಯೇ ಇರುತ್ತವೆ. ಒಂದು ಮುಂದೆ, ಇನ್ನೊಂದು ಹಿಂದೆ. ಆದರೆ ಎರಡೂ ಹೊತ್ತಿಕೊಂಡೇ ಇರುತ್ತವೆ. ಹಾಗಾದರೆ ಕಲಿಯಬೇಕಾದ ವಿದ್ಯೆ ಯಾವುದು? ಬೇಕಾದ ಭಾಷೆಯನ್ನು ಎಬ್ಬಿಸುವ ಅಗತ್ಯವಿಲ್ಲ, ಅದು ಎದ್ದೇ ಇದೆ. ಬೇಡದ್ದು ಬಾಯಿಗೆ ಬರದಂತೆ ತಡೆಯುವುದನ್ನು ಕಲಿಯಬೇಕು.

3. ತಡೆಯ ಬೆಲೆ

ಈ ತಡೆಯ ಸಿದ್ಧಾಂತಕ್ಕೆ 1998ರಲ್ಲಿ ಖಚಿತ ರೂಪ ಕೊಟ್ಟವರು ಲಂಡನ್ನಿನ ಡೇವಿಡ್ ಗ್ರೀನ್. ಅವರ ಪ್ರಕಾರ ಪ್ರತಿ ಪದಕ್ಕೂ ಅದು ಯಾವ ಭಾಷೆಯದು ಎಂಬ ಗುರುತು ಅಂಟಿಕೊಂಡಿರುತ್ತದೆ. ಒಂದು ಭಾಷೆಯಲ್ಲಿ ಮಾತನಾಡಲು ನಿಶ್ಚಯಿಸಿದ ಕೂಡಲೇ ಇನ್ನೊಂದರ ಗುರುತುಳ್ಳ ಪದಗಳ ಮೇಲೆ ಒತ್ತಡ ಬೀಳುತ್ತದೆ. ಬಲವಾದ ಭಾಷೆಯನ್ನು ಅದುಮಲು ಹೆಚ್ಚು ಒತ್ತಡ ಬೇಕು, ದುರ್ಬಲವಾದುದಕ್ಕೆ ಕಡಿಮೆ ಸಾಕು.

ಇದರಿಂದ ವಿಚಿತ್ರವಾದ ಒಂದು ನಿರೀಕ್ಷೆ ಹುಟ್ಟುತ್ತದೆ. ಹೆಚ್ಚು ಅದುಮಿದ್ದನ್ನು ಮತ್ತೆ ಎತ್ತಲು ಹೆಚ್ಚು ಹೊತ್ತು ಹಿಡಿಯಬೇಕು. ಅಂದರೆ ಚೆನ್ನಾಗಿ ಬರುವ ಮಾತೃಭಾಷೆಗೆ ಮರಳುವುದೇ ಕಷ್ಟವಾಗಬೇಕು. ರೆನಾಟಾ ಮ್ಯೂಟರ್ ಮತ್ತು ಆಲನ್ ಆಲ್ಪೋರ್ಟ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಾಗೆಯೇ ಆಯಿತು. ಪರದೆಯ ಮೇಲೆ 1ರಿಂದ 9ರ ವರೆಗಿನ ಅಂಕಿಗಳು ಒಂದೊಂದಾಗಿ ಮೂಡುತ್ತಿದ್ದವು. ಹಿನ್ನೆಲೆಯ ಬಣ್ಣ ಯಾವ ಭಾಷೆಯಲ್ಲಿ ಅಂಕಿಯ ಹೆಸರು ಹೇಳಬೇಕೆಂದು ಸೂಚಿಸುತ್ತಿತ್ತು. ಭಾಷೆ ಬದಲಾದಾಗಲೆಲ್ಲ ಉತ್ತರ ಸ್ವಲ್ಪ ತಡವಾಯಿತು. ಈ ತಡವೇ ಬದಲಿಕೆಯ ಬೆಲೆ. ಅದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಎರಡನೆಯ ಭಾಷೆಗೆ ಹೋಗುವಾಗಿನ ತಡಕ್ಕಿಂತ ಮಾತೃಭಾಷೆಗೆ ಮರಳುವಾಗಿನ ತಡ ಹೆಚ್ಚಾಗಿತ್ತು.

ಮೂರು ಭಾಷೆ ಬಲ್ಲವರಲ್ಲಿ ತಡೆಯ ಜಾಡು ಇನ್ನೂ ನೇರವಾಗಿ ಸಿಗುತ್ತದೆ. ಕನ್ನಡದಿಂದ ಹಿಂದಿಗೆ, ಮತ್ತೆ ಕನ್ನಡಕ್ಕೆ ಎಂಬಂಥ ಸರಣಿಯನ್ನೂ, ಇಂಗ್ಲಿಷಿನಿಂದ ಹಿಂದಿಗೆ, ಅಲ್ಲಿಂದ ಕನ್ನಡಕ್ಕೆ ಎಂಬಂಥ ಸರಣಿಯನ್ನೂ ಹೋಲಿಸಿ ನೋಡಬಹುದು. ಕೊನೆಯ ಹೆಜ್ಜೆ ಎರಡರಲ್ಲೂ ಒಂದೇ. ಆದರೂ ಜರ್ಮನ್, ಇಂಗ್ಲಿಷ್, ಫ್ರೆಂಚ್ ಬಲ್ಲವರ ಮೇಲೆ ನಡೆದ ಇಂಥ ಪ್ರಯೋಗದಲ್ಲಿ, ಈಗಷ್ಟೇ ಬಿಟ್ಟುಬಂದ ಭಾಷೆಗೆ ಮರಳುವಾಗ ಹೆಚ್ಚು ತಡವಾದದ್ದು ಕಂಡಿತು. ಇಂಥ ಭಾಷೆಯ ಮೇಲೆ ಬಿದ್ದ ಒತ್ತಡ ಇನ್ನೂ ಪೂರ್ತಿ ಸಡಿಲವಾಗಿರುವುದಿಲ್ಲ.

ಬಾರ್ಸಿಲೋನಾದ ಆಲ್ಬರ್ಟ್ ಕೋಸ್ಟಾ ಮತ್ತು ಮಿಕೆಲ್ ಸಾಂತೆಸ್ತೆಬಾನ್ 2004ರಲ್ಲಿ ಈ ಚಿತ್ರಕ್ಕೆ ಮುಖ್ಯವಾದ ತಿದ್ದುಪಡಿ ತಂದರು. ಸ್ಪ್ಯಾನಿಷ್ ಮತ್ತು ಕಟಲಾನ್ ಎರಡನ್ನೂ ಎಳವೆಯಿಂದ ಆಡುತ್ತ ಬೆಳೆದವರಲ್ಲಿ ಎರಡೂ ದಿಕ್ಕಿನ ತಡ ಸಮನಾಗಿತ್ತು. ಅವರೇ ಸ್ಪ್ಯಾನಿಷ್‌ನಿಂದ ಅಷ್ಟಾಗಿ ಬಾರದ ಇಂಗ್ಲಿಷಿಗೂ ಅಲ್ಲಿಂದ ಹಿಂದಕ್ಕೂ ಹೊರಳಿದಾಗಲೂ ಸಮನಾಗಿಯೇ ಇತ್ತು. ಎರಡನೆಯ ಭಾಷೆಯನ್ನು ಇನ್ನೂ ಕಲಿಯುತ್ತಿದ್ದವರಲ್ಲಿ ಮಾತ್ರ ಹಳೆಯ ಅಸಮತೆ ಕಾಣಿಸಿತು. ನುರಿತವರು ಭಾಷೆಗಳ ಬಲಾಬಲವನ್ನು ದಾಟಿದ ಬೇರೊಂದು ಆಯ್ಕೆಯ ಕ್ರಮವನ್ನು ರೂಢಿಸಿಕೊಂಡಿರುತ್ತಾರೆ, ಅದು ಹೊಸ ಭಾಷೆಗೂ ಒದಗುತ್ತದೆ ಎಂಬುದು ಅವರ ವಿವರಣೆ. ಬದಲಿಕೆ ಅಭ್ಯಾಸದಿಂದ ಪಳಗುವ ಕೌಶಲ ಎಂಬುದಕ್ಕೆ ಇದು ಒಳ್ಳೆಯ ಆಧಾರ.

4. ಮಿದುಳಿನಲ್ಲಿ ಎಲ್ಲಿ

ಇಂಥ ತಡೆಯನ್ನು ಯಾವುದೋ ಒಂದು ಜಾಗ ನಡೆಸುವುದಿಲ್ಲ, ಒಂದು ಜಾಲ ನಡೆಸುತ್ತದೆ. ಮುಖ್ಯ ಪಾಲುದಾರರು ಮೂವರು. ಹಣೆಯ ಹಿಂದಿರುವ ಮುಂಮಿದುಳಿನ ಹೊರಪದರ ಗುರಿಯನ್ನು ನೆನಪಿನಲ್ಲಿಡುತ್ತದೆ: ಈಗ ಆಡಬೇಕಾದದ್ದು ಈ ಭಾಷೆ. ಎರಡು ಗೋಳಾರ್ಧಗಳು ಸೇರುವ ಒಳಬದಿಯಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಪಟ್ಟಿ ಎರಡು ಹೆಸರುಗಳ ನಡುವಿನ ಪೈಪೋಟಿಯನ್ನು ಗುರುತಿಸಿ ಎಚ್ಚರಿಸುತ್ತದೆ. ಮಿದುಳಿನ ಆಳದಲ್ಲಿರುವ ಕಾಡೇಟ್ ನ್ಯೂಕ್ಲಿಯಸ್ ಆಯ್ಕೆಯಾದುದಕ್ಕೆ ದಾರಿ ಬಿಟ್ಟು ಉಳಿದುದನ್ನು ತಡೆಯಲು ನೆರವಾಗುತ್ತದೆ. ಮೂರರಲ್ಲಿ ಯಾವುದೂ ಭಾಷೆಗೆಂದೇ ಮೀಸಲಾದುದಲ್ಲ. ರಸ್ತೆ ದಾಟುವಾಗ ಮುಂದಿಟ್ಟ ಹೆಜ್ಜೆಯನ್ನು ತಟ್ಟನೆ ಹಿಂದೆಗೆಯಲು, ಆಟದ ನಿಯಮ ಬದಲಾದಾಗ ಹಳೆಯ ರೂಢಿಯನ್ನು ಬಿಡಲು ಬೇಕಾಗುವ ವ್ಯವಸ್ಥೆಯೇ ಇಲ್ಲಿ ಮಾತಿಗೂ ದುಡಿಯುತ್ತದೆ.

ಜೆನ್ನಿ ಕ್ರಿನಿಯನ್ ಮತ್ತು ಸಂಗಡಿಗರು 2006ರಲ್ಲಿ ಜರ್ಮನ್–ಇಂಗ್ಲಿಷ್ ಮತ್ತು ಜಪಾನಿ–ಇಂಗ್ಲಿಷ್ ದ್ವಿಭಾಷಿಕರ ಮಿದುಳಿನ ಚಿತ್ರಗಳನ್ನು ತೆಗೆದಾಗ, ಪದದ ಭಾಷೆ ಬದಲಾದದ್ದಕ್ಕೆ ಎಡಭಾಗದ ಕಾಡೇಟ್ ಸ್ಪಂದಿಸುವುದು ಕಂಡಿತು. ರೋಗಿಗಳ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಎಡ ಕಾಡೇಟ್ ಭಾಗಕ್ಕೆ ಹಾನಿಯಾದ, ಮೂರು ಭಾಷೆ ಬಲ್ಲ ರೋಗಿಯೊಬ್ಬರು ಬೇಡವೆಂದರೂ ಭಾಷೆಗಳನ್ನು ಬೆರೆಸತೊಡಗಿದ್ದನ್ನು ಜುಬಿನ್ ಅಬುತಾಲೆಬಿ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ಅದೇ ವರ್ಷ ಇಟಲಿಯ ಫ್ರಾಂಕೊ ಫಬ್ರೊ ಮತ್ತು ಸಂಗಡಿಗರು ಫ್ರಿಯುಲಿಯನ್ ಮತ್ತು ಇಟಾಲಿಯನ್ ಬಲ್ಲ ರೋಗಿಯೊಬ್ಬರನ್ನು ವಿವರಿಸಿದರು. ಮುಂಮಿದುಳಿಗೂ ಆಂಟೀರಿಯರ್ ಸಿಂಗ್ಯುಲೇಟ್‌ಗೂ ಹಾನಿಯಾಗಿದ್ದ ಅವರ ವ್ಯಾಕರಣ ಸರಿಯಾಗಿತ್ತು, ಪದಗಳೂ ಸರಿಯಾಗಿದ್ದವು. ಆದರೆ ಫ್ರಿಯುಲಿಯನ್ ಅರಿಯದವರ ಮುಂದೆಯೂ ಮಾತು ಆ ಭಾಷೆಗೆ ಜಾರುತ್ತಿತ್ತು.

ಇನ್ನೂ ವಿಚಿತ್ರವಾದ ಪ್ರಸಂಗ ಮಿಶೆಲ್ ಪಾರಾದಿ ಮತ್ತು ಸಂಗಡಿಗರು 1982ರಲ್ಲಿ ದಾಖಲಿಸಿದ್ದು. ಅರಬ್ಬಿ ಮತ್ತು ಫ್ರೆಂಚ್ ಬಲ್ಲ ರೋಗಿಯೊಬ್ಬರಿಗೆ ಕೆಲವು ದಿನ ಅರಬ್ಬಿ ಮಾತ್ರ ಆಡಲು ಬರುತ್ತಿತ್ತು, ಕೆಲವು ದಿನ ಫ್ರೆಂಚ್ ಮಾತ್ರ. ಆದರೆ ತಾವಾಗಿ ಆಡಲಾಗದ ಭಾಷೆಗೆ ಆ ದಿನವೇ ಅನುವಾದ ಮಾಡಬಲ್ಲವರಾಗಿದ್ದರು. ಪದಗಳು ಎಲ್ಲಿಗೂ ಹೋಗಿರಲಿಲ್ಲ; ಅವುಗಳ ಕಡೆಗಿನ ಬಾಗಿಲು ದಿನಕ್ಕೊಂದು ರೀತಿ ತೆರೆದು ಮುಚ್ಚುತ್ತಿತ್ತು. ಜಡವಾಗಿ ಕುಳಿತ ಭಾಷೆ ಎಂಬ ಪಿತ್ರ್ ಅವರ ಮಾತಿಗೆ ಸುಮಾರು ತೊಂಬತ್ತು ವರ್ಷಗಳ ಬಳಿಕ ಇಂಥ ಪುಷ್ಟಿ ಸಿಕ್ಕಿತು.

5. ಮಗು ಕಲಿಯುವ ಬಗೆ

ತಡೆಯಲು ಕಲಿಯುವ ಮುನ್ನ ಭಾಷೆಗಳು ಎರಡು ಎಂಬುದು ಮಗುವಿಗೆ ತಿಳಿಯಬೇಕು. ಈ ತಿಳಿವು ಗರ್ಭದಲ್ಲಿಯೇ ಮೊಳೆಯುತ್ತದೆ. ಕೆನಡದ ವ್ಯಾಂಕೂವರ್‌ನಲ್ಲಿ ನವಜಾತ ಶಿಶುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಸುರಿನ ದಿನಗಳಲ್ಲಿ ಇಂಗ್ಲಿಷ್ ಮತ್ತು ಟ್ಯಾಗಲಾಗ್ ಎರಡನ್ನೂ ಆಡುತ್ತಿದ್ದ ತಾಯಂದಿರ ಕೂಸುಗಳು ಎರಡೂ ಭಾಷೆಗಳಿಗೆ ಸಮನಾಗಿ ಒಲಿದವು, ಎರಡನ್ನೂ ಬೇರೆಬೇರೆಯೆಂದು ಗುರುತಿಸಿದವು. ಆಧಾರ ಲಯ. ಪದ ತಿಳಿಯದ ಕಿವಿಗೂ ಭಾಷೆಯ ಏರಿಳಿತ ಗೊತ್ತಾಗುತ್ತದೆ.

ಕಣ್ಣೂ ನೆರವಿಗೆ ಬರುತ್ತದೆ. ಧ್ವನಿಯಿಲ್ಲದೆ ಬರಿಯ ಮುಖದ ಚಲನೆಯನ್ನು ತೋರಿಸಿದಾಗಲೂ ನಾಲ್ಕು ಮತ್ತು ಆರು ತಿಂಗಳ ಶಿಶುಗಳು ಮಾತು ಇಂಗ್ಲಿಷಿನಿಂದ ಫ್ರೆಂಚಿಗೆ ಬದಲಾದದ್ದನ್ನು ಗಮನಿಸುತ್ತವೆ. ಎಂಟು ತಿಂಗಳಾಗುವ ಹೊತ್ತಿಗೆ ಒಂದೇ ಭಾಷೆಯ ಮನೆಯ ಮಕ್ಕಳು ಈ ಸೂಕ್ಷ್ಮವನ್ನು ಬಿಟ್ಟುಕೊಡುತ್ತವೆ. ಎರಡು ಭಾಷೆಯ ಮನೆಯ ಮಕ್ಕಳು ಉಳಿಸಿಕೊಳ್ಳುತ್ತವೆ. 2007ರಲ್ಲಿ ಪ್ರಕಟವಾದ ಈ ಫಲಿತಾಂಶದ ತಾತ್ಪರ್ಯ ಸರಳ: ಬದುಕಿಗೆ ಬೇಕಾದ ಗಮನ ಉಳಿಯುತ್ತದೆ, ಬೇಡದ್ದು ಬಾಡುತ್ತದೆ.

ಎರಡು ಭಾಷೆ ಕೇಳಿದರೆ ಮಗು ಗಲಿಬಿಲಿಗೊಳ್ಳುತ್ತದೆ ಎಂಬ ಅಂಜಿಕೆ ಹಳೆಯದು. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ರೋಂಜಾ ತಮ್ಮ ಮಗನೊಂದಿಗೆ ಫ್ರೆಂಚ್ ಮಾತ್ರ ಆಡಿದರು, ಹೆಂಡತಿ ಜರ್ಮನ್ ಮಾತ್ರ ಆಡಿದರು. ಮಗು ಎರಡನ್ನೂ ಸೊಗಸಾಗಿ ಕಲಿತದ್ದನ್ನು 1913ರಲ್ಲಿ ಪುಸ್ತಕವಾಗಿ ಹೊರತಂದರು. ‘ಒಬ್ಬರಿಗೆ ಒಂದು ಭಾಷೆ’ ಎಂಬ ಸೂತ್ರ ಅಲ್ಲಿಂದ ಹೆಸರಾಯಿತು. ಸೂತ್ರ ಪಾಲಿಸದ ಮನೆಗಳಲ್ಲೂ ಮಕ್ಕಳು ಕಲಿಯುತ್ತಾರೆಂಬುದು ಆಮೇಲೆ ತಿಳಿಯಿತು. ಮಾಂಟ್ರಿಯಲ್‌ನ ಫ್ರೆಡ್ ಜೆನಸೀ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳು ಅಪರಿಚಿತರೊಡನೆಯೂ ಅವರ ಭಾಷೆಯನ್ನು ಹೆಚ್ಚಾಗಿ ಬಳಸಲು ಯತ್ನಿಸಿದರು. ಮಗು ಬೆರೆಸುವುದು ಅನೇಕ ವೇಳೆ ಬೇಕಾದ ಪದ ಒಂದೇ ಭಾಷೆಯಲ್ಲಿ ಗೊತ್ತಿರುವುದರಿಂದ.

ಕೇಳುವಾಗಿನ ನಿಯಂತ್ರಣವೂ ಇದೇ ವಯಸ್ಸಿನಲ್ಲಿ ಬೆಳೆಯುತ್ತದೆ. ಕ್ರಿಸ್ಟಾ ಬೈಯರ್ಸ್-ಹೈನ್‌ಲೈನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ತಿಂಗಳ ಫ್ರೆಂಚ್–ಇಂಗ್ಲಿಷ್ ಮಕ್ಕಳಿಗೆ ಚಿತ್ರಗಳನ್ನು ತೋರಿಸಿ, ಕೆಲವು ವಾಕ್ಯಗಳ ಕೊನೆಯ ಪದವನ್ನು ಮಾತ್ರ ಇನ್ನೊಂದು ಭಾಷೆಯಲ್ಲಿ ಹೇಳಲಾಯಿತು. ಆಗ ಮಕ್ಕಳ ಕಣ್ಣಿನ ಪಾಪೆ ಹಿಗ್ಗಿತು. ಹೆಚ್ಚು ಶ್ರಮಪಡುವ ಮನಸ್ಸಿನ ಲಕ್ಷಣವದು. ಬದಲಿಕೆ ಎರಡು ವಾಕ್ಯಗಳ ಸಂಧಿಯಲ್ಲಿ ಬಂದಾಗ ಶ್ರಮ ಕಡಿಮೆಯಾಯಿತು. ದೊಡ್ಡವರಲ್ಲೂ ಇದೇ ರೀತಿಯ ಫಲಿತಾಂಶ ಬಂತು.

6. ಬೆರಕೆಯೂ ಒಂದು ಕ್ರಮ

ಪ್ರಯೋಗಾಲಯದ ಬದಲಿಕೆಗೂ ಜೀವನದ ಬದಲಿಕೆಗೂ ದೊಡ್ಡ ಅಂತರವಿದೆ. ಅಲ್ಲಿ ಬಣ್ಣ ನೋಡಿ ಭಾಷೆ ಬದಲಿಸಬೇಕು. ಇಲ್ಲಿ ಎದುರಿನವರ ಮುಖ, ಜಾಗ, ವಿಷಯ ನೋಡಿ ತನ್ನಷ್ಟಕ್ಕೆ ಬದಲಾಗುತ್ತದೆ. ಗ್ರೀನ್ ಮತ್ತು ಅಬುತಾಲೆಬಿ 2013ರಲ್ಲಿ ಈ ಅಂತರವನ್ನು ಸಿದ್ಧಾಂತದೊಳಕ್ಕೆ ತಂದರು. ಅವರು ಗುರುತಿಸಿದ ಸಂದರ್ಭಗಳು ಮೂರು. ಮನೆಗೊಂದು, ಕೆಲಸಕ್ಕೊಂದು ಎಂದು ಭಾಷೆಗಳನ್ನು ಬೇರೆಬೇರೆ ಇಡುವುದು ಮೊದಲನೆಯದು. ಒಂದೇ ಜಾಗದಲ್ಲಿ ಒಬ್ಬರೊಡನೆ ಒಂದು, ಇನ್ನೊಬ್ಬರೊಡನೆ ಇನ್ನೊಂದು ಆಡುವುದು ಎರಡನೆಯದು. ಹೆಚ್ಚಿನ ನಿಗಾ ಬೇಕಾದದ್ದು ಇಲ್ಲಿ. ಎಲ್ಲರಿಗೂ ಎರಡೂ ಬರುವುದರಿಂದ ಒಂದೇ ವಾಕ್ಯದಲ್ಲಿ ಎರಡನ್ನೂ ಹೆಣೆಯುವುದು ಮೂರನೆಯದು. ಇಲ್ಲಿ ತಡೆಯುವ ಅಗತ್ಯವೇ ಕಡಿಮೆ. ಮಿದುಳು ಯಾವ ಸಂದರ್ಭದಲ್ಲಿ ಪಳಗಿದೆಯೋ ಆ ಬಗೆಯ ನಿಯಂತ್ರಣ ಅದರಲ್ಲಿ ಗಟ್ಟಿಯಾಗುತ್ತದೆ ಎಂಬುದು ವಾದ.

ಅರಬ್ಬಿ–ಇಂಗ್ಲಿಷ್ ದ್ವಿಭಾಷಿಕರ ಮಿದುಳಿನ ಕಾಂತೀಯ ಅಲೆಗಳನ್ನು ಅಳೆದ ಎಸ್ತಿ ಬ್ಲಾಂಕೊ-ಎಲೊರ್ರಿಯೆತಾ ಮತ್ತು ಲೀನಾ ಪುಲ್ಕನೆನ್ ಅವರ 2017ರ ಅಧ್ಯಯನ ಇದಕ್ಕೆ ಹತ್ತಿರವಾಗಿದೆ. ಕೃತಕ ಸೂಚನೆಯ ಮೇರೆಗೆ ಬದಲಿಸುವಾಗ ದುಡಿಯುವ ನಿಯಂತ್ರಣದ ಭಾಗಗಳು, ಸ್ವಂತ ಇಚ್ಛೆಯಿಂದ ಬದಲಿಸುವಾಗ ಅಷ್ಟು ದುಡಿಯಲಿಲ್ಲ. ಅಮೆರಿಕದ ಸನ್ನೆ ಭಾಷೆ ಮತ್ತು ಇಂಗ್ಲಿಷ್ ಬಲ್ಲವರ ಬಗ್ಗೆ ಮರುವರ್ಷ ಬಂದ ಅಧ್ಯಯನ ಮತ್ತೊಂದು ಗಂಟು ಬಿಡಿಸಿತು. ಕೈಗೂ ಬಾಯಿಗೂ ಜಗಳವಿಲ್ಲ; ಎರಡನ್ನೂ ಒಟ್ಟಿಗೆ ಆಡಬಹುದು. ಆದ್ದರಿಂದ ಒಂದು ಭಾಷೆಯನ್ನು ನಿಲ್ಲಿಸುವುದನ್ನೂ ಇನ್ನೊಂದನ್ನು ತೊಡಗುವುದನ್ನೂ ಬೇರ್ಪಡಿಸಿ ನೋಡಲು ಸಾಧ್ಯವಾಯಿತು. ಶ್ರಮ ಕಂಡದ್ದು ನಿಲ್ಲಿಸುವುದರಲ್ಲಿ. ತೊಡಗುವುದಕ್ಕೆ ಹೆಚ್ಚಿನ ಶ್ರಮ ಬೇಕಾಗಲಿಲ್ಲ.

ಬೆರಕೆಗೂ ಕಟ್ಟುಪಾಡುಗಳಿವೆ. ‘ಮೀಟಿಂಗ್ ಪೋಸ್ಟ್‌ಪೋನ್ ಮಾಡಿದ್ರೆ ಎಲ್ಲರಿಗೂ ಮೆಸೇಜ್ ಹಾಕಿ’ ಎಂಬ ಬೆಂಗಳೂರಿನ ದಿನನಿತ್ಯದ ವಾಕ್ಯದಲ್ಲಿ ಮೂರು ಪದ ಇಂಗ್ಲಿಷಿನವು. ಆದರೆ ವಿಭಕ್ತಿ ಕನ್ನಡದ್ದು, ಷರತ್ತಿನ ರೂಪ ಕನ್ನಡದ್ದು, ಕೊನೆಯಲ್ಲಿ ಕ್ರಿಯಾಪದ ಬರುವ ಕ್ರಮವೂ ಕನ್ನಡದ್ದೇ. ಇಂಗ್ಲಿಷಿನ ಕ್ರಿಯಾಪದ ನೇರವಾಗಿ ಕಾಲಪ್ರತ್ಯಯ ಹಚ್ಚಿಕೊಳ್ಳದೆ ‘ಮಾಡು’ವಿನ ಆಸರೆ ಪಡೆಯುತ್ತದೆ. ಎಸ್. ಎನ್. ಶ್ರೀಧರ್ ಮತ್ತು ಕಮಲ್ ಕೆ. ಶ್ರೀಧರ್ 1980ರ ಹೊತ್ತಿಗೇ ಕನ್ನಡದಂಥ ಭಾಷೆಗಳ ಉದಾಹರಣೆಗಳಿಂದ ಇಂಥ ಬೆರಕೆಯಲ್ಲಿ ಒಂದು ಭಾಷೆ ಚೌಕಟ್ಟು ಒದಗಿಸುತ್ತದೆ, ಇನ್ನೊಂದು ಅದರೊಳಗೆ ಅತಿಥಿಯಾಗಿ ಬರುತ್ತದೆ ಎಂದು ವಿವರಿಸಿದ್ದರು.

ಭಾಷೆಗಳು ಶತಮಾನಗಳ ಕಾಲ ಒಂದೇ ಊರಿನಲ್ಲಿ ಬಾಳಿದರೆ ಚೌಕಟ್ಟುಗಳೇ ಹತ್ತಿರವಾಗುತ್ತವೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿನ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ಸುತ್ತಲಿನ ಪ್ರದೇಶದ್ದು ಮರಾಠಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ವರ್ಣಿಸಿದಂತೆ, ಆ ಊರಿನ ಈ ಮೂರು ಭಾಷೆಗಳ ವಾಕ್ಯರಚನೆ ಎಷ್ಟು ಸಮೀಪಿಸಿತ್ತೆಂದರೆ ಒಂದರ ವಾಕ್ಯವನ್ನು ಇನ್ನೊಂದಕ್ಕೆ ಪದಕ್ಕೆ ಪದ ಇಟ್ಟು ತಿರುಗಿಸಬಹುದಿತ್ತು. ಪದಗಳು ಮಾತ್ರ ಬೇರೆಯಾಗಿ ಉಳಿದಿದ್ದವು. ಯಾರು ಯಾವ ಮನೆಯವರು ಎಂಬ ಗುರುತಿಗೆ ಅವು ಬೇಕಿದ್ದವು. ತಲೆಮಾರುಗಳ ಬದಲಿಕೆ ಇಲ್ಲಿ ಭಾಷೆಗಳನ್ನೇ ತನಗೆ ಅನುಕೂಲವಾಗುವಂತೆ ತಿದ್ದಿತ್ತು ಎನ್ನಬಹುದು.

7. ಲಾಭದ ಲೆಕ್ಕ

ಭಾಷೆಯನ್ನು ತಡೆಯುವ ಜಾಲವೇ ಇತರ ಗಮನದ ಕೆಲಸಗಳನ್ನೂ ಮಾಡುವುದಾದರೆ, ನಿತ್ಯದ ಈ ವ್ಯಾಯಾಮದಿಂದ ಅದು ಬಲಗೊಳ್ಳಬೇಕಲ್ಲವೇ? ಟೊರಾಂಟೊದ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 2004ರಲ್ಲಿ ಹೌದೆಂದರು. ಅವರು ಭಾರತದ ತಮಿಳು–ಇಂಗ್ಲಿಷ್ ದ್ವಿಭಾಷಿಕರನ್ನು ಕೆನಡದ ಏಕಭಾಷಿಕರೊಡನೆ ಹೋಲಿಸಿದರು. ದಾರಿ ತಪ್ಪಿಸುವ ಸುಳಿವನ್ನು ಕಡೆಗಣಿಸುವ ಪರೀಕ್ಷೆಯಲ್ಲಿ ದ್ವಿಭಾಷಿಕರು, ಅದರಲ್ಲೂ ವಯಸ್ಸಾದವರು, ಮುಂದಿದ್ದರು. ಆದರೆ ಆಮೇಲೆ ಬಂದ ಹಲವು ಅಧ್ಯಯನಗಳಲ್ಲಿ ಈ ಮೇಲುಗೈ ಕಾಣಲಿಲ್ಲ. 152 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಅನುಕೂಲವಾದ ಫಲಿತಾಂಶಗಳೇ ಹೆಚ್ಚು ಅಚ್ಚಾಗುವ ಒಲವನ್ನು ಕಳೆದ ಮೇಲೆ, ಆರೋಗ್ಯವಂತ ವಯಸ್ಕರಲ್ಲಿ ಲಾಭವೆನ್ನುವಂಥದ್ದು ಉಳಿಯಲಿಲ್ಲ.

ಮುಪ್ಪಿನ ಕಾಯಿಲೆಗಳ ವಿಷಯದಲ್ಲಿ ಭಾರತದ ಸಾಕ್ಷ್ಯ ಗಮನಾರ್ಹ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಿಮೆನ್ಷಿಯ ಇದ್ದ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಅವರಲ್ಲಿ 391 ಮಂದಿ ದ್ವಿಭಾಷಿಕರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ದ್ವಿಭಾಷಿಕರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಅಂತರ ಉಳಿದದ್ದರಿಂದ ಇದು ಬರಿಯ ಶಾಲಾ ಶಿಕ್ಷಣದ ಫಲವಲ್ಲ ಎನ್ನಬಹುದಿತ್ತು. ಮೂರನೆಯ ಭಾಷೆಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಅದೇ ತಂಡ ಪಾರ್ಶ್ವವಾಯುವಾದ 608 ಮಂದಿಯನ್ನು ನೋಡಿದಾಗ, ಬುದ್ಧಿಶಕ್ತಿ ಕುಂದದೆ ಉಳಿದವರು ದ್ವಿಭಾಷಿಕರಲ್ಲಿ ಶೇ. 40.5, ಏಕಭಾಷಿಕರಲ್ಲಿ ಶೇ. 19.6. ಮಾತು ಕೆಡುವ ಪ್ರಮಾಣದಲ್ಲಿ ಮಾತ್ರ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಹೆಚ್ಚು ಭಾಷೆ ಬಲ್ಲವರೇ ಬೇರೆ ಅನುಕೂಲಗಳಲ್ಲೂ ಮುಂದಿರಬಹುದೆಂಬ ಆಕ್ಷೇಪಕ್ಕೆ ಇಂಥ ಅಧ್ಯಯನಗಳು ಪೂರ್ತಿ ಉತ್ತರ ಕೊಡಲಾರವು. ಚರ್ಚೆ ಮುಂದುವರಿದಿದೆ.

8. ಚಿಕಿತ್ಸೆಯ ಕೋಣೆಯಲ್ಲಿ

ಈ ತಿಳಿವಳಿಕೆಯ ನೇರ ಬಳಕೆ ಆಗಬೇಕಾದದ್ದು ಪಾರ್ಶ್ವವಾಯುವಿನ ಬಳಿಕ ಮಾತು ಕಳೆದುಕೊಂಡವರ ಚಿಕಿತ್ಸೆಯಲ್ಲಿ. ಮನೆಯಲ್ಲಿ ಕೊಂಕಣಿ, ಊರಿನಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್ ಇದ್ದವರನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಉಳಿದದ್ದೆಷ್ಟು, ಹೋದದ್ದೆಷ್ಟು ಎಂಬುದು ತಿಳಿಯದು; ಜಡವಾಗಿ ಕುಳಿತ ಭಾಷೆ ಸತ್ತಂತೆ ಕಾಣಬಹುದು. ಕಾಯಿಲೆಗೆ ಮುಂಚೆ ಯಾವ ಭಾಷೆ ಯಾರೊಡನೆ ಎಷ್ಟು ಬಳಕೆಯಲ್ಲಿತ್ತು ಎಂದು ಮನೆಯವರನ್ನು ಕೇಳಿಯೇ ಪರೀಕ್ಷೆ ಆರಂಭಿಸಬೇಕಾಗುತ್ತದೆ.

ಬೆರಕೆಯನ್ನು ರೋಗದ ಲಕ್ಷಣವೆಂದು ಎಣಿಸುವ ಮುನ್ನವೂ ಇದೇ ವಿಚಾರಣೆ ಬೇಕು. ಜೀವನವಿಡೀ ಬೆರೆಸಿಯೇ ಮಾತಾಡಿದವರು ಹಾಸಿಗೆಯಲ್ಲೂ ಬೆರೆಸುತ್ತಾರೆ. ಕೇಳುವ ಮಗಳಿಗೆ ಅದು ಅರ್ಥವಾಗುತ್ತದೆ. ಕೊಂಕಣಿ ಬಾರದ ದಾದಿಯೊಡನೆ ಕೊಂಕಣಿಯನ್ನೇ ಆಡುತ್ತ, ಅದನ್ನು ನಿಲ್ಲಿಸಲಾಗದಿದ್ದರೆ ಮಾತ್ರ ತಡೆ ಮುರಿದಿದೆ ಎಂದು ಅರ್ಥ. ಎದುರಿಗಿರುವವರಿಗೆ ತಕ್ಕಂತೆ ಮಾತು ಹಿಡಿದುಕೊಳ್ಳುವುದನ್ನು ಎರಡು ವರ್ಷದ ಮಗು ಕಲಿಯತೊಡಗಿರುತ್ತದೆ. ವೈದ್ಯರು ನೋಡಬೇಕಾದದ್ದು ಆ ಕಲಿಕೆ ಉಳಿದಿದೆಯೇ ಎಂಬುದನ್ನು.